ಪದಚರ್ಚೆ: ‘ಗಟ್ಟಿ ಉಕ್ಕು’, ‘ಗಡಸು ಉಕ್ಕು’, ‘ಹದ ಹಾಕಿದ ಉಕ್ಕು’

ಎಲ್ಲರಿಗೂ ನಮಸ್ಕಾರ.

ಪೀಣ್ಯದಲ್ಲಿ ನಾನಿರುವ ವರ್ಕ್‌ಶಾಪಿನಲ್ಲಿ ಡೈ, ಅಂದರೆ ಲೋಹದ ಅಚ್ಚು, ಮಾಡುತ್ತೇವೆ. ಗೋಡೆಗೆ ಅಂಟಿಸಲು ಒಂದು ಚೀಟಿ ಬರೆದಿದ್ದೆ: ‘ಗಟ್ಟಿ ಉಕ್ಕಿನ ಪಾರ್ಟುಗಳನ್ನು ಹ್ಯಾಕ್ಸಾದಲ್ಲಿ ಕತ್ತರಿಸಬೇಡಿ’. ಹೊಸದಾಗಿ ಸೇರಿದ ಹುಡುಗ ಅದನ್ನು ಓದಿಯೂ 12 ಮಿ.ಮೀ. ಡೋವೆಲ್ ಪಿನ್ನನ್ನು (ಡೈ ಭಾಗಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಉಕ್ಕಿನ ಗೂಟ) ವೈಸಿಗೆ ಹಿಡಿಸಿ ಗರಗಸ ಎಳೆದ. ಸ್ವಲ್ಪ ಹೊತ್ತಿಗೇ ಬ್ಲೇಡಿನ ಹಲ್ಲು ನುಣ್ಣಗಾಯಿತು. ಪಿನ್ನಿನ ಮೇಲೆ ಹೊಳೆಯುವ ಒಂದು ಗೆರೆ, ಅಷ್ಟೇ. ಕೇಳಿದರೆ, ‘ಉಕ್ಕು ಅಂದ್ಮೇಲೆ ಎಲ್ಲಾ ಗಟ್ಟಿನೇ ಅಲ್ವಾ ಸಾರ್?’ ಅಂದ. ಹುಡುಗನದ್ದೇನೂ ತಪ್ಪಿಲ್ಲ, ನನ್ನ ಪದ ಸರಿಯಿರಲಿಲ್ಲ.

ನಾನು ಹೇಳಬೇಕಿದ್ದದ್ದು ಕೆಂಪಗೆ ಕಾಸಿ, ಎಣ್ಣೆಗೆ ಅದ್ದಿ ಗಡಸು ಮಾಡಿದ ಉಕ್ಕು. ರಾಕ್‌ವೆಲ್ ಸಿ ಎಂಬ ಗಡಸಿನ ಅಳತೆಯಲ್ಲಿ 60ರ ಆಸುಪಾಸು. ಗರಗಸದ ಹಲ್ಲೂ ಹೆಚ್ಚುಕಮ್ಮಿ ಅಷ್ಟೇ ಗಡಸು, ಹಾಗಾಗಿ ಕಚ್ಚುವುದೇ ಇಲ್ಲ.

‘ಹದ ಹಾಕಿದ ಉಕ್ಕು’ ಅನ್ನೋಣ ಎಂದರೆ ಬೇರೆ ತೊಡಕು. ನಮ್ಮೂರಿನ ಕಮ್ಮಾರರು ಕುಡುಗೋಲಿನ ಬಾಯನ್ನಷ್ಟೇ ನೀರಿಗೆ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ, ಬೆನ್ನಿನ ಕಡೆ ಉಳಿದ ಕಾವು ಬಾಯಿಗೆ ಹರಿಯುವುದನ್ನೇ ಕಾಯುತ್ತಿದ್ದರು. ಹಳದಿ ಬಣ್ಣ ಬಂದ ಕೂಡಲೇ ಪೂರ್ತಿ ಅದ್ದುತ್ತಿದ್ದರು. ಅಂದರೆ ಹಾರ್ಡನಿಂಗ್, ಟೆಂಪರಿಂಗ್ ಎರಡೂ ಒಂದೇ ಕಾವಿನಲ್ಲಿ ಮುಗಿಯುತ್ತಿತ್ತು. ಎರಡಕ್ಕೂ ಸೇರಿ ‘ಹದ’ ಒಂದೇ ಪದ ಸಾಕಾಗುತ್ತಿತ್ತು. ನಮ್ಮ ಶಾಪಿನಲ್ಲಿ ಅವು ಬೇರೆ ಬೇರೆ ಕೆಲಸ. ಮೊದಲನೆಯದು ಗಡಸು ಏರಿಸುತ್ತದೆ, ಎರಡನೆಯದು ಸ್ವಲ್ಪ ಇಳಿಸಿ ಸಿಡುಕು, ಅಂದರೆ ಪಟ್ಟನೆ ಮುರಿಯುವ ಗುಣ, ಕಡಿಮೆ ಮಾಡುತ್ತದೆ. ಪಾಕದ ಹದ, ಮಣ್ಣಿನ ಹದ ನೆನೆದರೆ ‘ಹದ’ ಎರಡನೆಯದಕ್ಕೇ ಜಾಸ್ತಿ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ. ಮೊದಲನೆಯದಕ್ಕೆ ‘ಗಡಸು ಮಾಡು’ ಇರಲಿ. ಆದರೆ ಕಟಾಫ್ ವೀಲಿನಲ್ಲಿ (ಉಜ್ಜಿ ತುಂಡು ಮಾಡುವ ತೆಳ್ಳನೆಯ ಸಾಣೆಚಕ್ರ) ತಣಿಸುವ ಕೂಲೆಂಟ್ ಸಾಲದೆ, ಬಿಸಿಯೇರಿ ಪಿನ್ನಿನ ತುದಿ ನೀಲಿಯಾದರೆ ನಮ್ಮ ಹಳೇ ಫಿಟ್ಟರ್ ಹೇಳುವುದು, ‘ಹದ ಹೋಯ್ತು!’ ಅಂತಲೇ. ಅವರಿಗೆ ಗಡಸೇ ಹದ.

ಇನ್ನು ‘ಕತ್ತರಿಸು’. ಆ ಪದದಲ್ಲೇ ಕತ್ತರಿ ಕೂತಿದೆ. ಇಲ್ಲಿ ಕತ್ತರಿ ಆಡುವುದೆಲ್ಲಿ? 1 ಮಿ.ಮೀ. ದಪ್ಪದ ವೀಲು ಉಜ್ಜಿ ಉಜ್ಜಿ ತುಂಡು ಮಾಡುತ್ತದೆ. ವೈರ್‌ಕಟ್ ಯಂತ್ರದಲ್ಲಂತೂ ತಂತಿ ಉಕ್ಕನ್ನು ಮುಟ್ಟುವುದೂ ಇಲ್ಲ, ವಿದ್ಯುತ್ತಿನ ಕಿಡಿಯೇ ಕೊರೆಯುತ್ತದೆ. ಪಿನ್ 52 ಮಿ.ಮೀ. ಬೇಕಿದ್ದರೆ 52.2ಕ್ಕೆ ತುಂಡು ಮಾಡಿ, ಉಳಿದದ್ದನ್ನು ಗ್ರೈಂಡಿಂಗಿನಲ್ಲಿ ತೆಗೆಯುತ್ತೇವೆ. ಹುಡುಗರು ಇದಕ್ಕೆಲ್ಲ ಸೇರಿಸಿ ‘ಸೈಜಿಗೆ ತರೋದು’ ಅನ್ನುತ್ತಾರೆ. ‘ಅಳತೆಗೆ ತರು’ ಅಂತ ಬರೆದರೆ ಹೇಗೆ? ‘ಸಾಣೆ ಹಿಡಿ’ ಅಂದರೆ ಚೂಪು ಮಾಡು ಅಂದುಕೊಂಡುಬಿಡುತ್ತಾರೆ, ಅದು ಬೇಡ.

ನಿಮ್ಮ ಕಡೆ ಕುಲುಮೆಯಲ್ಲಿ ನೀರಿಗೆ ಅದ್ದುವುದಕ್ಕೆ ಒಂದು ಮಾತು, ಆಮೇಲೆ ಬಣ್ಣ ಬರಿಸುವುದಕ್ಕೆ ಬೇರೆ ಮಾತು ಇದೆಯೇ? ಇದ್ದರೆ ಊರಿನ ಹೆಸರಿನ ಜೊತೆ ತಿಳಿಸಿ. ಹಳೇ ಚೀಟಿ ಕಿತ್ತಿಟ್ಟಿದ್ದೇನೆ.