ಎಡಿಎಚ್‌ಡಿಗೆ ಹೋಮಿಯೋಪತಿ ಸಾಕಾ?

ಮೈಸೂರಮ್ಮ: ಮಗನಿಗೆ 7 ವರ್ಷ. ಎರಡು ಸಾಲು ಬರೆಯುವಷ್ಟರಲ್ಲಿ ಎದ್ದು ಹೋಗುತ್ತಾನೆ, ಪೆನ್ಸಿಲ್ ದಿನಾ ಕಳೆಯುತ್ತಾನೆ. ಡಾಕ್ಟರು ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂದರು. ಅತ್ತೆಯವರು ಹೋಮಿಯೋಪತಿ ಗುಳಿಗೆ ಸಾಕು, ಸೈಡ್ ಎಫೆಕ್ಟ್ ಇಲ್ಲ ಅಂತಾರೆ. ಏನು ಮಾಡಲಿ?

ಪ್ರೈಮರಿ ಟೀಚರ್: ಮೊದಲು ಬೈಯುವುದು ನಿಲ್ಲಿಸಿ, ಅದು ಹಟ ಅಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಕೊಡಿ, ಮುಗಿಸಿದ ಕೂಡಲೇ ಭೇಷ್ ಅನ್ನಿ. ಮುಂದಿನ ಬೆಂಚಲ್ಲಿ ಕೂರಿಸಲು ಶಾಲೆಯಲ್ಲಿ ಹೇಳಿ.

ನರ್ಸಕ್ಕ: 2007ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಎಡಿಎಚ್‌ಡಿಗೆ ಹೋಮಿಯೋಪತಿ ಕೆಲಸ ಮಾಡುತ್ತದೆ ಅನ್ನಲು ಪುರಾವೆ ಸಿಗಲಿಲ್ಲ. ಸುಮ್ನೆ ಗುಳಿಗೆ ಕೊಡುತ್ತಾ ವರ್ಷ ಕಳೆದರೆ ಮಗುವಿನ ಓದು, ಗೆಳೆತನ ಎರಡೂ ಹಿಂದೆ ಬೀಳುತ್ತವೆ, ನನಗೆ ಅದೇ ಸಂಕಟ. ಎಡಿಎಚ್‌ಡಿಗೆ ಡಾಕ್ಟರು ಕೊಡುವ ಮೀಥೈಲ್‌ಫೆನಿಡೇಟ್ ಔಷಧಿಯಿಂದ ಹಸಿವು, ನಿದ್ದೆ ಕಡಿಮೆಯಾಗಬಹುದು ನಿಜ, ಅದಕ್ಕೇ ತೂಕ, ಬಿಪಿ ನೋಡುತ್ತಾ ಡೋಸ್ ಹೊಂದಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಿದ್ದಾರೆ, ತೋರಿಸಿ.

ಮೈಸೂರಮ್ಮ: ಅತ್ತೆಯವರನ್ನೂ ಕರೆದುಕೊಂಡು ಹೋಗುತ್ತೇನೆ.