ಪದ ಬೇಕು: ‘ಜಾಬ್ ಕೋಚ್’, ‘ಫೇಡಿಂಗ್’. ಶುಕ್ರವಾರ ಅಚ್ಚಿಗೆ

ಕೇಳಿಕೆ: ಕಲಬುರಗಿ

ಎಲ್ಲರಿಗೂ ನಮಸ್ಕಾರ. ವಿಕಲಚೇತನರಿಗೆ ಕೆಲಸ ಹುಡುಕಿಕೊಟ್ಟು, ಅವರು ಅಲ್ಲಿ ನೆಲೆ ನಿಲ್ಲುವವರೆಗೂ ಜೊತೆಗಿರುವ ಸಿಬ್ಬಂದಿಗೆ ಹತ್ತು ದಿನದ ತರಬೇತಿ ಸೋಮವಾರ ಶುರುವಾಗುತ್ತದೆ. ಕೈಪಿಡಿ, ಬಾಗಿಲ ಬೋರ್ಡು, ಎದೆಯ ಬ್ಯಾಡ್ಜು ಮೂರೂ ಶುಕ್ರವಾರ ಅಚ್ಚಿಗೆ ಹೋಗಬೇಕು. ಈ ಸಿಬ್ಬಂದಿಗೆ ಇಂಗ್ಲಿಷಿನಲ್ಲಿ ‘ಜಾಬ್ ಕೋಚ್’ ಎನ್ನುತ್ತಾರೆ, ಅದಕ್ಕೆ ಕರಡಿನಲ್ಲಿ ‘ಉದ್ಯೋಗ ತರಬೇತುದಾರ’ ಎಂದಿದೆ. ಹೊಂದುತ್ತಿಲ್ಲ. ಹೊಲಿಗೆ ಕಲಿಸುವವರೂ ಕಂಪ್ಯೂಟರ್ ಕಲಿಸುವವರೂ ಉದ್ಯೋಗ ತರಬೇತುದಾರರೇ. ಅಲ್ಲಿ ಮೊದಲು ಕಲಿಕೆ, ಆಮೇಲೆ ಕೆಲಸ. ಇಲ್ಲಿ ಮೊದಲು ಕೆಲಸಕ್ಕೆ ಸೇರಿಸುವುದು, ಕಲಿಸುವುದು ಆ ಜಾಗದಲ್ಲೇ.

‘ಫೇಡಿಂಗ್’ಗೂ ಒಂದು ಮಾತು ಹೇಳಿ: ಕೆಲಸ ಕೈಗೆ ಹತ್ತಿದಂತೆ ಸಿಬ್ಬಂದಿ ನೆರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಹೋಗುವುದು. ಕರಡಿನಲ್ಲಿ ‘ಕೈಬಿಡುವುದು’ ಎಂದು ಬಿದ್ದಿದೆ. ‘ಮೂರನೇ ವಾರದಿಂದ ಕೈಬಿಡಬೇಕು’ ಎಂದು ಓದಿದ ತಂದೆತಾಯಿ ಮಗನನ್ನು ಮರುದಿನವೇ ಮನೆಗೆ ಕರೆದೊಯ್ದಾರು. ಬ್ಯಾಡ್ಜಿನ ಅಗಲ ಮೂರು ಇಂಚು, ಉದ್ದ ಪದ ಹಿಡಿಸುವುದಿಲ್ಲ.

ಉತ್ತರ: ಬೀದರ್

‘ಸಾರಥಿ’ ಎಂದು ಹಾಕಿ. ಹಂಗೇರಿಯಲ್ಲಿ ಕೊಚ್ ಎಂಬ ಊರಿದೆ. ಅಲ್ಲಿನ ಕುದುರೆಗಾಡಿಗೆ ಊರ ಹೆಸರೇ ನಿಂತು ಯುರೋಪಿನ ತುಂಬ ಹರಡಿತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು ಪರೀಕ್ಷೆ ದಾಟಿಸುವ ಮೇಷ್ಟರಿಗೆ ಆಡುಮಾತಿನಲ್ಲಿ ಅದೇ ಹೆಸರಿಟ್ಟರು. ಆಟದ ಮೈದಾನಕ್ಕೆ ಪದ ಬಂದದ್ದು ಆಮೇಲೆ. ಮೂಲದಲ್ಲಿ ಗಾಡಿಯಿದೆ, ಆದ್ದರಿಂದ ಸಾರಥಿ. ಮೂರೇ ಅಕ್ಷರ, ಹೆಣ್ಣು ಗಂಡು ಇಬ್ಬರಿಗೂ ಸಲ್ಲುತ್ತದೆ.

ಉತ್ತರ: ಯಾದಗಿರಿ

ಇಂಗ್ಲಿಷಿನಿಂದ ತಪ್ಪಿಸಿಕೊಂಡು ಸಂಸ್ಕೃತಕ್ಕೆ ಬೀಳುವುದು ಯಾಕೆ? ಲೆಕ್ಕಿಗ, ಗಾಣಿಗ, ಹೂವಾಡಿಗ ಇದ್ದ ಮೇಲೆ ‘ಕೆಲಸಿಗ’ ಆಗುತ್ತದೆ, ಇಲ್ಲವೇ ‘ನೆರವಿಗ’. ಕರಡಿನ ‘ತರಬೇತುದಾರ’ದಲ್ಲಿ ಕನ್ನಡದ್ದು ಏನಿದೆ? ತರಬೇತಿ ಅರಬ್ಬಿಯ ತರ್ಬಿಯತ್, ‘ದಾರ’ ಪಾರಸಿ. ‘ಫೇಡಿಂಗ್’ಗೆ ‘ಸರಿತ’: ಸರಿ ಧಾತು, ಕುಣಿತ ಎಳೆತಗಳ ಹಾಗೆ.

ಉತ್ತರ: ಕಲಬುರಗಿ, ತರಬೇತಿ ಕೊಡುವವರು

ಎರಡೂ ಉತ್ತರ ಸಲ್ಲ. ‘ಕೆಲಸಿ’ ಎಂದರೆ ಬಹಳ ಕಡೆ ಕ್ಷೌರಿಕ. ‘ನೆರವಿಗ’ ಬ್ಯಾಡ್ಜಿನ ಮೇಲೆ ‘ನೆರವಿಗೆ’ ಎಂಬುದರ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಸಿಬ್ಬಂದಿ ದಿನವೂ ತುಂಬುವ ಹಾಳೆಯಲ್ಲಿ ‘ಸರಿತ’ ಎಂದು ಕಾಲಂ ತಲೆಗೆ ಹಾಕಿದರೆ ಜನ ಅದರ ಕೆಳಗೆ ಸರಿ, ತಪ್ಪು ಎಂದು ತುಂಬುತ್ತಾರೆ.

ಇನ್ನು ಸಾರಥಿ. ಸಾರಥಿಯ ಕೈಯಲ್ಲಿ ಲಗಾಮು ಇರುತ್ತದೆ. ಈ ಕೆಲಸದಲ್ಲಿ ಕೆಡುವುದೆಲ್ಲ ಆ ಲಗಾಮಿನಿಂದಲೇ. ಪದ ಕೇಳಿದವರು ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ದಾಲ್ ಮಿಲ್ಲಿನಲ್ಲಿ ಒಂದು ಕಿಲೋ ತೊಗರಿಬೇಳೆಯ ಪಾಕೀಟು ಕಟ್ಟುವ ಕೆಲಸ ಎಂದಿಟ್ಟುಕೊಳ್ಳಿ. ಸಿಬ್ಬಂದಿ ಮೊದಲು ತಾನೇ ಒಂದು ಪಾಳಿ ಪೂರ್ತಿ ಆ ಕೆಲಸ ಮಾಡಬೇಕು. ದೂರ ನಿಂತು ನೋಡಿ ಬರೆದ ಹಂತಪಟ್ಟಿ ನಿಲ್ಲುವುದಿಲ್ಲ. ಕವರಿನ ಬಾಯಿ ಬಿಡಿಸು, ತಕ್ಕಡಿ ಮೇಲಿಡು, ಸೊನ್ನೆ ಒತ್ತು, ಬೇಳೆ ಹಾಕು, ಅಂಕಿ ನೋಡು, ಬಾಯಿ ಮಡಚು, ಸೀಲಿಂಗ್ ಮಶೀನಿಗೆ ನೇರ ಹಿಡಿ, ಹಿಡಿಕೆ ಒತ್ತು, ದೀಪ ಆರಿದ ಮೇಲೂ ಎರಡು ಸೆಕೆಂಡು ಒತ್ತಿಯೇ ಇರು, ಎಳೆದು ನೋಡು, ಪೆಟ್ಟಿಗೆಗೆ ಹಾಕು. 11 ಹಂತ. ‘ಸೀಲ್ ಮಾಡು’ ಎಂದು ಒಂದೇ ಸಾಲು ಬರೆದ ಪಟ್ಟಿಯಲ್ಲಿ ಆ ಎರಡು ಸೆಕೆಂಡು ಬಿಟ್ಟುಹೋಗಿರುತ್ತದೆ. ದೀಪ ಆರಿದೊಡನೆ ಕೈ ತೆಗೆದರೆ ಬೆಸುಗೆ ಇನ್ನೂ ಮೆತ್ತಗಿರುತ್ತದೆ, ಬಾಯಿ ಬಿಡುತ್ತದೆ, ಬೇಳೆ ಸೋರುತ್ತದೆ. ಆಗ ಮಾಲೀಕರು ‘ಇವನಿಂದ ಆಗಂಗಿಲ್ಲ’ ಎನ್ನುತ್ತಾರೆ. ತಪ್ಪಿರುವುದು ಪಟ್ಟಿಯಲ್ಲಿ. ಅಂಕಿ ಓದಲು ಬಾರದವರಿಗೆ ತಕ್ಕಡಿಯ ಪಕ್ಕ ‘1.000’ ಎಂದು ಅದೇ ಆಕಾರದಲ್ಲಿ ಬರೆದ ಚೀಟಿ ಅಂಟಿಸಿ, ಹೋಲಿಸಿ ನೋಡಲು ಕಲಿಸಿದರೆ ಸಾಕು.

ಪ್ರತಿ ಹಂತದ ಮುಂದೆ ಎಷ್ಟು ನೆರವು ಬೇಕಾಯಿತೆಂದು ದಿನವೂ ಗುರುತು ಹಾಕಬೇಕು: ಸ್ವಂತ, ಸನ್ನೆ, ಮಾತು, ತೋರಿಸಿ, ಕೈ ಹಿಡಿದು. ನೆರವು ಕೊಡುವ ಮೊದಲು ಐದು ಸೆಕೆಂಡು ಸುಮ್ಮನಿರಬೇಕು. ಹೊಸ ಸಿಬ್ಬಂದಿಗೆ ಇದೇ ಎಲ್ಲಕ್ಕಿಂತ ಕಷ್ಟ, ಬಾಯಿ ತಾನಾಗಿ ಹೋಗುತ್ತದೆ. ಬಿಡಿಸಲು ತೀರ ಬಿಗಿಯಾದದ್ದೂ ಮಾತಿನ ನೆರವೇ. ‘ಈಗ ಒತ್ತು’ ಎಂದು ದಿನಕ್ಕೆ ಇನ್ನೂರು ಸಲ ಹೇಳಿದರೆ ಆ ದನಿಯೇ ಮಶೀನಿನ ಒಂದು ಭಾಗವಾಗುತ್ತದೆ, ದನಿಯಿಲ್ಲದ ದಿನ ಕೈ ಏಳುವುದಿಲ್ಲ. ಸನ್ನೆಯಲ್ಲಿ ಆಗುವುದಾದರೆ ಮಾತು ಬೇಡ.

ಇನ್ನೊಂದು ತಪ್ಪು ಪಾಕೀಟಿನ ಲೆಕ್ಕ ತುಂಬಿಸಲು ಸಿಬ್ಬಂದಿಯೇ ಕೈ ಹಾಕುವುದು. ಮಾಲೀಕರಿಗೆ ಕಾಣುವುದು ಇಬ್ಬರ ದುಡಿಮೆ. ಸಿಬ್ಬಂದಿ ಬರದ ದಿನ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ, ಕೆಲಸ ಅಲ್ಲಿಗೆ ಹೋಗುತ್ತದೆ. ‘ಅವನಿಗೆ ನಾಳೆ ಬೇಗ ಬಾ ಅಂತ ಹೇಳ್ರಿ’ ಎಂದು ಮೇಸ್ತ್ರಿ ಸಿಬ್ಬಂದಿಗೆ ಹೇಳಿದರೆ, ‘ಇಲ್ಲೇ ಅದಾನಲ್ರಿ, ನೀವೇ ಹೇಳ್ರಿ’ ಎಂದು ಪಕ್ಕಕ್ಕೆ ಸರಿಯಬೇಕು. ಸಾರಥಿಯಾದವನು ಸರಿಯುವುದಿಲ್ಲ.

ಉತ್ತರ: ಬೀದರ್

ಸಾರಥಿ ವಾಪಸು. ಆದರೆ ಯಾದಗಿರಿಯವರ ಪಾರಸಿ ದ್ವೇಷ ಒಪ್ಪಲಾರೆ. ಆ ಹುಡುಗ ಮಿಲ್ಲಿಗೆ ಹೋದ ದಿನದಿಂದ ಅವನ ಬಾಯಲ್ಲಿ ಬರುವುದು ಹಾಜರಿ, ರಜೆ, ಪಗಾರ. ಹಾಜರಿ, ರಜೆ ಅರಬ್ಬಿಯವು, ಪಗಾರ ಪೋರ್ಚುಗೀಸರದು. ಇವನ್ನು ಕಿತ್ತುಹಾಕಿ ಯಾವ ಕನ್ನಡದಲ್ಲಿ ಅವನಿಗೆ ಹಕ್ಕು ತಿಳಿಸುತ್ತೀರಿ? ತಾಲೀಮು ಎಂದರೂ ಅರಬ್ಬಿಯಲ್ಲಿ ಕಲಿಸುವುದೇ, ನಮ್ಮ ಕಡೆ ಕುಸ್ತಿಯ ಮನೆಗೆ ನಿಂತಿತು. ‘ಉಸ್ತಾದ’ ಯಾಕಾಗಬಾರದು?

ಉತ್ತರ: ಯಾದಗಿರಿ

ದ್ವೇಷವಲ್ಲ. 1948ರವರೆಗೆ ಇಲ್ಲಿ ಕಚೇರಿ ಉರ್ದುವಿನಲ್ಲಿ ನಡೆಯಿತು, ಆ ಪದಗಳನ್ನು ನಾವು ಆರಿಸಿಕೊಂಡದ್ದಲ್ಲ. ಗುಲ್ಬರ್ಗವನ್ನು 2014ರಲ್ಲಿ ಕಲಬುರಗಿ ಮಾಡಿಕೊಂಡ ಮೇಲೆ, ಇಂದು ಹುಟ್ಟುವ ಪದವನ್ನಾದರೂ ಕನ್ನಡದಲ್ಲಿ ಹುಟ್ಟಿಸಿ ಎಂದೆ, ಅಷ್ಟೇ. ಉಸ್ತಾದ ಬೇಡ. ಉಸ್ತಾದನ ಮುಂದೆ ಶಿಷ್ಯ ಸಾಯುವವರೆಗೂ ಶಿಷ್ಯನೇ.

ನೇರವಾಗಿ ನಮ್ಮ ಜನರ ಮಾತನ್ನೇ ತೆಗೆದುಕೊಳ್ಳಿ: ‘ಕೆಲಸಕ್ಕ ಹಚ್ಚೋರು’.

ಉತ್ತರ: ಕಲಬುರಗಿ, ತರಬೇತಿ ಕೊಡುವವರು

ಬೇಡ. ಕೆಲಸಕ್ಕೆ ಹಚ್ಚುವವನು ಮುಕಾದಮ. ಗುಳೆ ಕರೆದೊಯ್ದು ಹಚ್ಚಿ ತನ್ನ ಪಾಲು ಎಣಿಸಿಕೊಂಡು ಬರುತ್ತಾನೆ. ಇಲ್ಲಿ ಹಚ್ಚುವುದು ಕಾಲು ಭಾಗ, ಉಳಿದ ಮುಕ್ಕಾಲು ನಿಲ್ಲಿಸುವುದು. ‘ಊರುಗೋಲು’ ಎಂದು ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ, ಅದೂ ಬೇಡ: ಊರುವ ಕೋಲು ಬಿಟ್ಟರೆ ಬೀಳಬೇಕು ಎಂಬ ಅರ್ಥ ಅದರೊಳಗೇ ಇದೆ.

ನನ್ನ ಆಯ್ಕೆ ‘ಒತ್ತಾಸೆ’. ಒತ್ತಾಸೆಗೆ ನಿಲ್ಲುವವರು ಮುಂದೆ ನಿಲ್ಲುವುದಿಲ್ಲ, ಪಕ್ಕದಲ್ಲೋ ಹಿಂದೆಯೋ ನಿಲ್ಲುತ್ತಾರೆ. ಈ ಪದ್ಧತಿಗೆ ‘ಒತ್ತಾಸೆಯ ಉದ್ಯೋಗ’, ಮಾಡುವವರಿಗೆ ‘ಒತ್ತಾಸೆಗಾರರು’. ಗಾರ, ಗಾರ್ತಿ ಎಂಬ ತಕರಾರು ಗೌರವದ ಬಹುವಚನದಲ್ಲಿ ಮುಗಿಯುತ್ತದೆ. ‘ಒಡನಾಡಿ’ ಎಂಬುದನ್ನು ಪಕ್ಕದ ಮೇಜಿನ ಕೆಲಸಗಾರರಿಗೆ ಮೀಸಲಿಡಿ. ಕವರು ಮುಗಿದರೆ ಎಲ್ಲಿ ತರಬೇಕು, ಚಹಾಕ್ಕೆ ಯಾವಾಗ ಏಳಬೇಕು ಎಂದು ಹೇಳಬೇಕಾದವರು ಅವರು. ಅವರು ಆ ಮಾತು ಆಡತೊಡಗಿದ ದಿನವೇ ಒತ್ತಾಸೆಗಾರರು ಒಂದು ಹೆಜ್ಜೆ ದೂರ ಹೋಗಬೇಕು.

‘ಫೇಡಿಂಗ್’ಗೆ ಹೊಸ ಪದ ಕಟ್ಟಬೇಡಿ. ಕೈಪಿಡಿಯಲ್ಲಿ ‘ಹಂತಹಂತವಾಗಿ ದೂರ ಸರಿಯುವುದು’, ಹಾಳೆಯ ಕಾಲಮ್ಮಿಗೆ ‘ದೂರ’. ಅದರಡಿ ಇಷ್ಟೇ: ಭುಜದ ಪಕ್ಕ, ಮೂರು ಮೇಜಿನಾಚೆ, ಬಾಗಿಲು, ಗೇಟು, ಫೋನು. ಕೊನೆಗೆ ಬಂದ ಮೇಲೂ ತಿಂಗಳಿಗೆ ಎರಡು ಸಲ ಹೋಗಿ ನೋಡಬೇಕು. ಮೇಸ್ತ್ರಿ ಬದಲಾದಾಗ, ಪಾಳಿ ಬದಲಾದಾಗ, ಹೊಸ ಮಶೀನು ಬಂದಾಗ ಮತ್ತೆ ಭುಜದ ಪಕ್ಕ. ‘ಕೈಬಿಡು’ ಎಂಬ ಪದ ಕೈಪಿಡಿಯ ಯಾವ ಪುಟದಲ್ಲೂ ಇರಬಾರದು.

ಬ್ಯಾಡ್ಜಿನ ಬಗ್ಗೆ ಒಂದು ಮಾತು. ಮಿಲ್ಲಿನೊಳಗೆ ಅದನ್ನು ಹಾಕಿಸಲೇಬೇಡಿ. ಬ್ಯಾಡ್ಜು ಹಾಕಿದವರು ಒಬ್ಬನ ಪಕ್ಕ ನಿಂತರೆ ಆ ಒಬ್ಬ ಬೇರೆ ಎಂದು ನಲವತ್ತು ಜನಕ್ಕೆ ಬೋರ್ಡು ಹಾಕಿದಂತೆ. ಆಮೇಲೆ ಯಾವ ಒಡನಾಡಿಯೂ ಚಹಾಕ್ಕೆ ಕರೆಯುವುದಿಲ್ಲ, ‘ಅವರ ಮನುಷ್ಯಾರ ಅದಾರಲ್ಲ’ ಎಂದು ಬಿಡುತ್ತಾರೆ. ಅಲ್ಲಿನ ಕೆಲಸಗಾರರು ಏಪ್ರನ್ ತೊಟ್ಟರೆ ಒತ್ತಾಸೆಗಾರರೂ ಅದನ್ನೇ ತೊಡಲಿ.

ಕೇಳಿದವರು: ಕಲಬುರಗಿ

ಬ್ಯಾಡ್ಜಿನ ಆರ್ಡರು ಈಗಲೇ ನಿಲ್ಲಿಸಿದೆ. ಮೂರು ಇಂಚಿನ ಕಟ್ಟು ಹೋದ ಮೇಲೆ ‘ಒತ್ತಾಸೆಗಾರರು’ ಸಲೀಸು. ಬೋರ್ಡಿಗೆ ‘ಒತ್ತಾಸೆಯ ಉದ್ಯೋಗ: ಸಿಬ್ಬಂದಿ ತರಬೇತಿ’. ತರಬೇತಿ ಹಾಗೇ ಇರುತ್ತದೆ, ಯಾದಗಿರಿಯವರು ಮನ್ನಿಸಬೇಕು. ಹಾಳೆಯ ಕಾಲಂ ‘ದೂರ’ ಆಯಿತು. ‘ಸನ್ನೆ’ ಮತ್ತು ‘ತೋರಿಸಿ’ ಎರಡರ ನಡುವಿನ ಗೆರೆ ಎಲ್ಲಿ ಎಂದು ಕೈಪಿಡಿಯಲ್ಲಿ ಒಂದು ಸಾಲು ಬೇಕಾಗಿದೆ. ಬೆರಳು ತೋರುವುದು ಯಾವುದರಲ್ಲಿ ಸೇರುತ್ತದೆ?

ಉತ್ತರ: ಕಲಬುರಗಿ, ತರಬೇತಿ ಕೊಡುವವರು

ಬೆರಳು ತೋರಿದರೆ ಸನ್ನೆ. ನೀವೇ ಒಂದು ಪಾಕೀಟು ಕಟ್ಟಿ ಕಾಣಿಸಿದರೆ ‘ತೋರಿಸಿ’.