‘ಜಿಲಿಬ್‌ಸಿ 2.34 ನಾಟ್ ಫೌಂಡ್’ ಎಂದು ಬಂದರೆ ಏನು ಮಾಡಬೇಕು?

ಪ್ರಶ್ನೆ: ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರ ಕಂಪ್ಯೂಟರ್ ಲ್ಯಾಬನ್ನು ನಾನು ನೋಡಿಕೊಳ್ಳುತ್ತೇನೆ. ಉಬುಂಟು 20.04 ಎಂಬ ಲಿನಕ್ಸ್ ಇರುವ ಕಂಪ್ಯೂಟರುಗಳಲ್ಲಿ ಹೊಸ ಗಣಿತ ತಂತ್ರಾಂಶವೊಂದನ್ನು ತೆರೆಯಹೋದರೆ ‘ಜಿಲಿಬ್‌ಸಿ 2.34 ನಾಟ್ ಫೌಂಡ್’ ಎಂದು ತೋರಿಸಿ ನಿಂತುಬಿಡುತ್ತದೆ. ಹೊಸ ಲ್ಯಾಪ್‌ಟಾಪಿನಿಂದ ಲಿಬ್‌ಸಿ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ ಸಾಕೆಂದು ಪರಿಚಯದ ಹುಡುಗನೊಬ್ಬ ಹೇಳುತ್ತಾನೆ. ಹಾಗೆ ಮಾಡಬಹುದೇ ಸರ್?

ಉತ್ತರ: ದಯವಿಟ್ಟು ಬೇಡ, ಟೀಚರ್. ಜಿಲಿಬ್‌ಸಿ ಎಂದರೆ ತಂತ್ರಾಂಶಗಳಿಗೆಲ್ಲ ಬೇಕಾಗುವ ಮೂಲ ಕೆಲಸಗಳ ಕೋಡ್ ಇರುವ ಲೈಬ್ರರಿ; ಲಿಬ್‌ಸಿ ಅದರ ಮುಖ್ಯ ಫೈಲು. ಲಿನಕ್ಸಿನಲ್ಲಿ ಫೈಲುಗಳ ಪಟ್ಟಿ ತೋರಿಸುವ ಪುಟ್ಟ ಆಜ್ಞೆಯಿಂದ ಹಿಡಿದು ಬ್ರೌಸರಿನವರೆಗೆ ಹೆಚ್ಚುಕಡಿಮೆ ಎಲ್ಲವೂ ಈ ಒಂದು ಲೈಬ್ರರಿಯನ್ನೇ ನೆಚ್ಚಿಕೊಂಡಿವೆ. ಅದಕ್ಕೆ ಜೋಡಿಯಾಗಿರುವ ಲೋಡರ್ (ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ತರುವ ಭಾಗ) ಹಳೆಯದಾಗಿಯೇ ಉಳಿದು ಲಿಬ್‌ಸಿ ಮಾತ್ರ ಹೊಸದಾದರೆ ಅವೆರಡೂ ಹೊಂದುವುದಿಲ್ಲ.

20.04ರಲ್ಲಿರುವುದು ಜಿಲಿಬ್‌ಸಿ 2.31. ಹಳೆಯ ಜಿಲಿಬ್‌ಸಿಗೆ ಕಟ್ಟಿದ ತಂತ್ರಾಂಶ ಹೊಸದರಲ್ಲಿ ನಡೆಯುತ್ತದೆ, ಆದರೆ ಹೊಸದಕ್ಕೆ ಕಟ್ಟಿದ್ದು ಹಳೆಯದರಲ್ಲಿ ನಡೆಯುವ ಭರವಸೆಯಿಲ್ಲ. 2021ರ ಆಗಸ್ಟಿನಲ್ಲಿ ಬಂದ 2.34ರಲ್ಲಿ, ಮೊದಲು ಬೇರೆಯಾಗಿದ್ದ ಥ್ರೆಡ್ ಲೈಬ್ರರಿಯನ್ನು (ಒಂದೇ ತಂತ್ರಾಂಶದಲ್ಲಿ ಹಲವು ಕೆಲಸ ಒಟ್ಟಿಗೆ ನಡೆಸಲು ಬೇಕಾದುದು) ಲಿಬ್‌ಸಿಯೊಳಗೇ ಸೇರಿಸಿ, ಪ್ರೋಗ್ರಾಮನ್ನು ಆರಂಭಿಸುವ ಫಂಕ್ಷನ್ನಿಗೂ ಹೊಸ ಆವೃತ್ತಿಯ ಗುರುತು ಕೊಟ್ಟರು. ಆದ್ದರಿಂದ ಹೊಸ ಸೌಲಭ್ಯವೊಂದನ್ನೂ ಬಳಸದ ತಂತ್ರಾಂಶವೂ ಹೊಸ ಯಂತ್ರದಲ್ಲಿ ಕಂಪೈಲಾದರೆ 2.34ನ್ನೇ ಕೇಳುತ್ತದೆ.

ತಂತ್ರಾಂಶವು ಫ್ಲ್ಯಾಟ್‌ಪ್ಯಾಕ್ ಎಂಬ ಪ್ಯಾಕೇಜಿನ ರೂಪದಲ್ಲಿ ಸಿಕ್ಕಿದರೆ ಅದನ್ನೇ ಹಾಕಿ, ಅದರ ಜೊತೆ ಬರುವ ಲೈಬ್ರರಿಗಳ ಕಟ್ಟಿನಲ್ಲಿ (ರನ್‌ಟೈಮ್) ಬೇಕಾದ ಜಿಲಿಬ್‌ಸಿ ಇರುತ್ತದೆ. ಒಂದೇ ಫೈಲಾಗಿ ಸಿಗುವ ಆ್ಯಪ್‌ಇಮೇಜ್ ಸಾಮಾನ್ಯವಾಗಿ ಯಂತ್ರದ ಜಿಲಿಬ್‌ಸಿಯನ್ನೇ ಬಳಸುವುದರಿಂದ ಅದನ್ನು ನೆಚ್ಚಬೇಡಿ. ನನ್ನನ್ನು ಕೇಳಿದರೆ 22.04ಕ್ಕೆ ಏರುವುದೇ ಲೇಸು: ಅದರಲ್ಲಿ 2.35 ಇದೆ, 20.04ರ ಸಾಮಾನ್ಯ ಬೆಂಬಲವಂತೂ 2025ರಲ್ಲೇ ಮುಗಿದಿದೆ.

ಪ್ರಶ್ನೆ: ಸಂಕೋಚದಿಂದಲೇ ಹೇಳುತ್ತೇನೆ, ಒಂದು ಕಂಪ್ಯೂಟರಿನಲ್ಲಿ ಆ ಹುಡುಗ ಫೈಲನ್ನು ಆಗಲೇ ಬದಲಿಸಿದ್ದಾನೆ. ಈಗ ಅದು ಏಳುವುದೇ ಇಲ್ಲ.

ಉತ್ತರ: ಫಾರ್ಮ್ಯಾಟ್ ಮಾಡಬೇಡಿ. 20.04ರ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ನಡೆಸುವ ಪೆನ್‌ಡ್ರೈವ್) ಬೂಟ್ ಮಾಡಿ, ಹಾರ್ಡ್‌ಡಿಸ್ಕನ್ನು ಅದರ ಫೈಲುಗಳು ಕೈಗೆ ಸಿಗುವಂತೆ ಮೌಂಟ್ ಮಾಡಿರಿ. 2.31ರಲ್ಲಿ ‘ಲಿಬ್‌ಸಿ.ಎಸ್‌ಒ.6’ ಎಂಬುದು ನಿಜವಾದ ಫೈಲಲ್ಲ, ‘ಲಿಬ್‌ಸಿ-2.31.ಎಸ್‌ಒ’ ಎಂಬುದರ ಕಡೆಗೆ ಬೆರಳು ತೋರಿಸುವ ಲಿಂಕ್ ಮಾತ್ರ. ಆ ಮೂಲ ಫೈಲು ಕೆಡದೆ ಉಳಿದಿದ್ದರೆ ಲಿಂಕನ್ನು ಮತ್ತೆ ಅದಕ್ಕೆ ಜೋಡಿಸಿದರೆ ಸಾಕು. ಅದರ ಮೇಲೆಯೇ ಹೊಸದನ್ನು ಬರೆದಿದ್ದರೆ ಪೆನ್‌ಡ್ರೈವಿನಲ್ಲಿರುವ ಅದೇ ಹೆಸರಿನ ಫೈಲನ್ನು ಕಾಪಿ ಮಾಡಿ ಅನಂತರ ಲಿಂಕ್ ಕೊಡಿ.

ಪ್ರಶ್ನೆ ಕೇಳಿದವರು: ಮೂಲ ಫೈಲು ಅಲ್ಲೇ ಇತ್ತು ಸರ್. ಲಿಂಕ್ ಸರಿಪಡಿಸಿದ ಮೇಲೆ ಕಂಪ್ಯೂಟರ್ ಎದ್ದಿತು. ಓಣಂ ರಜೆಯಲ್ಲಿ ಎಲ್ಲವನ್ನೂ 22.04ಕ್ಕೆ ಏರಿಸುತ್ತೇವೆ.